ಪ್ರೈಮರ್, ಪೌಡರ್ ಸಿಕ್ಕಾಗ ಎಷ್ಟು ಕೊಂಡಿಡಬೇಕು? ಮತ್ತೆ ಬರಗಾಲ ಶುರುವಾದ ಹಾಗಿದೆ

ಮೂಡಿಗೆರೆಯವ_ಡಲ್ಲಾಸ್ · ಮಾರ್ಚ್ 2024

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿದ್ದು ಮನೆಯಲ್ಲೇ ಗುಂಡು ರೀಲೋಡ್ ಮಾಡುವ ಕನ್ನಡದವರು ಇಲ್ಲಿ ಹತ್ತು ಹದಿನೈದು ಜನ ಇದ್ದೀರಿ ಅಂತ ಗೊತ್ತು. ಈ ಪ್ರಶ್ನೆ ನಿಮಗೆ. (ಗೊತ್ತಿಲ್ಲದವರಿಗೆ: ರೀಲೋಡ್ ಅಂದರೆ ಹೊಡೆದ ಗುಂಡಿನ ಖಾಲಿ ಕೇಸಿಗೆ ಹೊಸ ಪ್ರೈಮರ್, ಅಂದರೆ ಕಿಡಿ ಕೊಡುವ ಪುಟ್ಟ ಕೇಪು, ಪೌಡರ್ ಅಂದರೆ ಮದ್ದು, ಬುಲೆಟ್ ಹಾಕಿ ಮತ್ತೆ ಗುಂಡು ಮಾಡುವುದು.)

ಶನಿವಾರ ನಮ್ಮ ಕಡೆಯ ಗನ್ ಅಂಗಡಿಗೆ ಹೋಗಿದ್ದೆ. ಪೌಡರ್ ಇಡುವ ಶೆಲ್ಫಿನಲ್ಲಿ ಎರಡೇ ಡಬ್ಬ ಇದ್ದವು. ಎರಡೂ ಶಾಟ್‌ಗನ್ ಪೌಡರ್. ರೈಫಲ್ ಪೌಡರ್ ಇರುತ್ತಿದ್ದ ಜಾಗದಲ್ಲಿ ಬೆಲೆ ಚೀಟಿ ಮಾತ್ರ ಅಂಟಿಕೊಂಡಿತ್ತು. ಪ್ರೈಮರ್ ಇತ್ತು, ಆದರೆ 1000ದ ಬಾಕ್ಸಿಗೆ 80 ಡಾಲರ್. ಇದೇ ಬಾಕ್ಸನ್ನು 2019ರಲ್ಲಿ 30 ಡಾಲರಿಗೆ ತಂದಿದ್ದೆ. ಬಿಲ್ ಇನ್ನೂ ಡ್ರಾಯರ್‌ನಲ್ಲಿದೆ, ತೆಗೆದು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿರುತ್ತೇನೆ.

2021ರಲ್ಲಿ ಆದ ಕಥೆ ನಿಮಗೆಲ್ಲ ನೆನಪಿದೆ. ಬೆಳಗ್ಗೆ ಆರಕ್ಕೆ ಕ್ಯೂ ನಿಂತರೆ ಒಬ್ಬರಿಗೆ 100 ಪ್ರೈಮರ್. ನಮ್ಮ ಮನೆಯವಳನ್ನೂ ಕರೆದುಕೊಂಡು ಹೋಗಿ 200 ತಂದಿದ್ದೆ. ಅವಳು ಆ ಕ್ಯೂವನ್ನು ಇವತ್ತಿಗೂ ಮರೆತಿಲ್ಲ. ಆ ವರ್ಷ ಎಂಟು ತಿಂಗಳು ಗುಂಡು ತುಂಬುವ ಪ್ರೆಸ್ ಮೇಲೆ ಧೂಳು ಕೂತಿತ್ತು.

ಈಗ ನನ್ನ ಬಳಿ ಇರುವುದು: ಪಿಸ್ತೂಲಿನ ಪೌಡರ್ 2 ಪೌಂಡ್, ರೈಫಲ್ ಪೌಡರ್ ಅರ್ಧ ಪೌಂಡ್, ಸ್ಮಾಲ್ ಪಿಸ್ಟಲ್ ಪ್ರೈಮರ್ 1500, ಲಾರ್ಜ್ ರೈಫಲ್ ಪ್ರೈಮರ್ 300. ತಿಂಗಳಿಗೆ ಎರಡು ಸಲ ಶೂಟಿಂಗ್ ರೇಂಜಿಗೆ ಹೋಗುತ್ತೇನೆ. ಒಟ್ಟು 9 ಎಂಎಂ (ಪಿಸ್ತೂಲಿನದು) 300 ಗುಂಡು, .308 (ರೈಫಲಿನದು) 40. ಈ ಬೆಲೆಗೇ ಕೊಳ್ಳಲಾ, ಕಾಯಲಾ? ಕೊಂಡರೆ ಎಷ್ಟು? ಮನೆಯವಳು ಆಗಲೇ ಕೇಳಿದ್ದಾಳೆ, "ಇದೇನು ಮಳೆಗಾಲಕ್ಕೆ ಸೌದೆ ಒಟ್ಟೋ ಹಾಗೆ ಒಟ್ಟುತ್ತಿದ್ದೀರಲ್ಲ" ಅಂತ.

ಕೋವಿ_ಪುಟ್ಟ

ಸಿಕ್ಕಾಗ ಬಾಚಿಕೊಳ್ಳಿ. ಆಮೇಲೆ ಅಳಬೇಡಿ.

ರಾಲೀ_ಶಿಲ್ಪಾ

ಈ ಬಾಚಿಕೊಳ್ಳುವವರಿಂದಲೇ ಬರಗಾಲ ಬರೋದು ಪುಟ್ಟಣ್ಣ. 2021ರಲ್ಲಿ ನಾನು ಹೊಸದಾಗಿ ಪ್ರೆಸ್ ತಂದು ಕೂತಿದ್ದೆ, ಒಂದು ಪ್ರೈಮರ್ ಸಿಗಲಿಲ್ಲ. ನಮ್ಮ ಕ್ಲಬ್ಬಿನ ಒಬ್ಬ ಮಹಾಶಯನ ಗ್ಯಾರೇಜಿನಲ್ಲಿ ಮಾತ್ರ ಮಾಡಿನವರೆಗೆ ಬಾಕ್ಸು. 35ಕ್ಕೆ ತಂದಿದ್ದನ್ನು ಪಾರ್ಕಿಂಗ್ ಲಾಟಿನಲ್ಲಿ 150ಕ್ಕೆ ಮಾರಿದ. ನನಗೂ ಅದೇ ರೇಟು ಹೇಳಿದ, ಅದೂ "ನಿಮಗಾದ್ದರಿಂದ" ಅಂತ.

ಕೋವಿ_ಪುಟ್ಟ

ಅಕ್ಕಾ, ನಾನು ಮಾರುವವನಲ್ಲ, ಹೊಡೆಯುವವನು. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ.

ರಾಲೀ_ಶಿಲ್ಪಾ

ಶೆಲ್ಫ್ ಖಾಲಿಯಾಗುವುದಕ್ಕೆ ಆ ವ್ಯತ್ಯಾಸ ಗೊತ್ತಾಗಲ್ಲ.

ಓಹಾಯೋ_ಮಾವ

ಇಬ್ಬರೂ ಸ್ವಲ್ಪ ತಡೆಯಿರಿ. ನಾನು ಈ ಕೆಲಸಕ್ಕೆ ಇಳಿದಿದ್ದು 2008ರಲ್ಲಿ. ಇದು ನಾನು ನೋಡುತ್ತಿರುವ ನಾಲ್ಕನೇ ಬರ. 2008ರ ಕೊನೆಗೆ ಒಬಾಮಾ ಗೆದ್ದಾಗ ಒಂದು. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿ ಆದಮೇಲೆ, ಕಾನೂನು ಬಿಗಿಯಾಗುತ್ತದೆ ಅಂತ ಜನ ಮುಗಿಬಿದ್ದಾಗ ಇನ್ನೊಂದು. ಆಗ .22 ಗುಂಡು ಎರಡು ವರ್ಷ ಕಣ್ಣಿಗೆ ಬೀಳಲಿಲ್ಲ. ಮೂರನೆಯದು ಕೋವಿಡ್. 2020 ಒಂದೇ ವರ್ಷ ಎಫ್‌ಬಿಐನ ಬ್ಯಾಕ್‌ಗ್ರೌಂಡ್ ಚೆಕ್ 3 ಕೋಟಿ 90 ಲಕ್ಷ ದಾಟಿತ್ತು. ಎಲ್ಲವೂ ಹೊಸ ಗನ್ ಮಾರಾಟಕ್ಕೆ ಅಲ್ಲ, ಆದರೂ ಎಷ್ಟು ನೂಕುನುಗ್ಗಲು ಅಂತ ಅಂದಾಜಾಗುತ್ತದೆ. ಗನ್ ತಂದವರೆಲ್ಲ ಒಂದೆರಡು ಬಾಕ್ಸ್ ಗುಂಡು ತಂದೇ ತರುತ್ತಾರೆ.

ಈಗ ಪ್ರೈಮರ್ ವಿಷಯ. ಇಲ್ಲಿ ದೊಡ್ಡ ಬ್ರಾಂಡ್ ಇರುವುದು ನಾಲ್ಕು: ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾಯಿತು, ಅದರ ಗುಂಡಿನ ಕಾರ್ಖಾನೆಯನ್ನು ಸಿಸಿಐ, ಫೆಡರಲ್ ಎರಡರ ಒಡೆಯರಾದ ವಿಸ್ಟಾದವರೇ ಕೊಂಡರು. ಈಗ ನಾಲ್ಕು ಬ್ರಾಂಡಿನಲ್ಲಿ ಮೂರು ಒಂದೇ ಮನೆಯವು. ಬರ ಬಂದಾಗ ಅವರು ಪ್ರೈಮರನ್ನು ಮೊದಲು ತಮ್ಮದೇ ತಯಾರಿ ಗುಂಡಿಗೆ ಹಾಕಿಕೊಳ್ಳುತ್ತಾರೆ, ಲಾಭ ಇರುವುದು ಅಲ್ಲಿ. ನಮ್ಮಂಥ ರೀಲೋಡ್ ಗಿರಾಕಿಗಳಿಗೆ ಸಿಗುವುದು ತಳ ಕೆರೆದಿದ್ದು.

ನನ್ನ ಮಾತು ಇಷ್ಟೇ. ಬರ ಬಂದಾಗ ಕೊಳ್ಳಲು ಓಡಬೇಡಿ, ಬರ ಇಲ್ಲದಾಗ ಸುಮ್ನೆ ಪ್ರತಿ ಸಲ ಒಂದು ಬಾಕ್ಸ್ ಜಾಸ್ತಿ ತನ್ನಿ. ನಿಮ್ಮ ಒಂದೂವರೆ ಎರಡು ವರ್ಷದ ಖರ್ಚು ಕಪಾಟಿನಲ್ಲಿ ಇದ್ದರೆ ಕ್ಯೂ ನಿಲ್ಲುವ ಗ್ರಹಚಾರ ಇಲ್ಲ.

ಲೆಕ್ಕದ_ಮೇಷ್ಟ್ರು

ಮಾವ ಹೇಳಿದ ಎರಡು ವರ್ಷವನ್ನು ಮೂಡಿಗೆರೆಯವರ ಲೆಕ್ಕಕ್ಕೆ ಹಾಕಿ ನೋಡೋಣ.

ಒಂದು ಪೌಂಡ್ ಪೌಡರ್ ಅಂದರೆ 7000 ಗ್ರೇನ್. 9 ಎಂಎಂಗೆ ಸುಮಾರು 5 ಗ್ರೇನ್ ಅಂತ ಹಿಡಿಯಿರಿ (ಇದು ಖರ್ಚಿನ ಅಂದಾಜು ಮಾತ್ರ, ತುಂಬುವಾಗ ನೋಡಬೇಕಾದ್ದು ರೀಲೋಡಿಂಗ್ ಮ್ಯಾನ್ಯುಅಲ್). ತಿಂಗಳಿಗೆ 300, ವರ್ಷಕ್ಕೆ 3600. ಅಂದರೆ ಎರಡೂವರೆ ಪೌಂಡಿಗಿಂತ ಚೂರು ಜಾಸ್ತಿ. .308ಗೆ 43 ಗ್ರೇನ್ ಹಿಡಿದರೆ ವರ್ಷಕ್ಕೆ 480 ಗುಂಡು, ಸರಿಸುಮಾರು 3 ಪೌಂಡ್. ಎರಡೂ ಸೇರಿ ವರ್ಷಕ್ಕೆ ಆರು ಪೌಂಡಿನ ಒಳಗೆ. ಎರಡು ವರ್ಷಕ್ಕೆ ಹನ್ನೊಂದು. ಪ್ರೈಮರ್ ಎರಡು ವರ್ಷಕ್ಕೆ 8160.

ನಿಮಗೆ ನಿಜವಾಗಿ ಕೊರತೆ ಇರುವುದು ರೈಫಲ್ ಪೌಡರಿಗೆ. ಅರ್ಧ ಪೌಂಡಿನಲ್ಲಿ ಬರುವುದು 80 ಗುಂಡು. ಎರಡು ತಿಂಗಳು, ಮುಗೀತು.

ಹೊಸಬ_ಆಸ್ಟಿನ್

ಮೇಷ್ಟ್ರೇ, 5 ಗ್ರಾಂ ಒಂದು ಗುಂಡಿಗೆ ಜಾಸ್ತಿ ಆಗಲ್ವಾ?

ಲೆಕ್ಕದ_ಮೇಷ್ಟ್ರು

ಅಯ್ಯೋ ಮಾರಾಯ, ಗ್ರಾಂ ಅಲ್ಲ, ಗ್ರೇನ್! ನಮ್ಮ ಅಕ್ಕಸಾಲಿಗರ ಗುಲಗಂಜಿ ಗೊತ್ತಲ್ಲ, ಕೆಂಪು ಕಪ್ಪು ಬೀಜ? ಒಂದು ಗುಲಗಂಜಿ ಹೆಚ್ಚುಕಡಿಮೆ 2 ಗ್ರೇನ್ ತೂಗುತ್ತದೆ. ಎರಡೂವರೆ ಗುಲಗಂಜಿ ತೂಕದ ಪೌಡರ್ ಒಂದು 9 ಎಂಎಂಗೆ. ಗ್ರಾಂ ಅಂದುಕೊಂಡರೆ ಹದಿನೈದು ಪಟ್ಟು. ತಕ್ಕಡಿಯ ಬಟನ್ ಯಾವುದರಲ್ಲಿದೆ ಅಂತ ಪ್ರತಿ ಸಲ ನೋಡಿಯೇ ಕೂರಬೇಕು. ನಾನು ಚೆಕ್ ವೇಟ್ (ನಿಖರ ತೂಕದ ಬಟ್ಟು) ಇಟ್ಟು ನೋಡದೆ ಒಂದು ಗುಂಡೂ ತುಂಬುವುದಿಲ್ಲ.

ಹೊಸಬ_ಆಸ್ಟಿನ್

ಸಾರಿ ಸಾರ್, ನಾನಿನ್ನೂ ಶುರು ಮಾಡಿಲ್ಲ, ಓದುತ್ತಿದ್ದೇನೆ ಅಷ್ಟೇ. ಇನ್ನೊಂದು ಪ್ರಶ್ನೆ. ನಾನು ಎಚ್‌1ಬಿಯಲ್ಲಿದ್ದೇನೆ. ಗನ್ ಕೊಳ್ಳೋಕೆ ಆಗಲ್ಲ ಅಂತ ಗೊತ್ತು. ಆದರೆ ಬರಿ ಪ್ರೈಮರ್, ಪೌಡರ್ ಈಗಲೇ ತಂದಿಟ್ಟು, ಗ್ರೀನ್ ಕಾರ್ಡ್ ಬಂದಮೇಲೆ ಗನ್ ತಂದರೆ ಆಗುತ್ತದಾ? ಪೌಡರ್ ಕೊಳ್ಳುವಾಗ ಯಾರೂ ಏನೂ ಕೇಳುವುದಿಲ್ಲವಂತೆ.

ಪಿಟ್ಸ್‌ಬರ್ಗ್_ಭಟ್ಟ

ಬೇಡ. ಬೇಡ. ಬೇಡ.

ಅಂಗಡಿಯವನು ಕೇಳದಿದ್ದರೆ ಕಾನೂನು ಇಲ್ಲ ಅಂತ ಅಲ್ಲ. ಎಚ್‌1ಬಿಯಂಥ ನಾನ್‌ಇಮಿಗ್ರಂಟ್ ವೀಸಾದವರು ಗನ್ ಮಾತ್ರವಲ್ಲ, ಆಮ್ಯುನಿಷನ್ ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಆಮ್ಯುನಿಷನ್ ಅಂದರೆ ಏನು ಅಂತ ಅದೇ ಕಾನೂನು ಹೇಳುತ್ತದೆ: ತಯಾರಾದ ಗುಂಡು ಅಷ್ಟೇ ಅಲ್ಲ, ಖಾಲಿ ಕೇಸು, ಪ್ರೈಮರ್, ಬುಲೆಟ್, ಪೌಡರ್ ಎಲ್ಲ ಅದರಲ್ಲಿ ಬರುತ್ತದೆ. ರೇಂಜಿನಲ್ಲಿ ಆರಿಸಿಕೊಂಡ ಹಿತ್ತಾಳೆ ಕೇಸೂ ಸೇರಿ!

ಕೋವಿ_ಪುಟ್ಟ

ಭಟ್ರೇ, ಹಂಟಿಂಗ್ ಲೈಸೆನ್ಸ್ ಇದ್ದರೆ ಎಚ್‌1ಬಿಯವರೂ ಇಟ್ಟುಕೊಳ್ಳಬಹುದು. ಅದನ್ನು ಹೇಳಲೇ ಇಲ್ಲ ನೀವು.

ಪಿಟ್ಸ್‌ಬರ್ಗ್_ಭಟ್ಟ

ಹೌದು, ಆ ವಿನಾಯಿತಿ ಕಾನೂನಿನಲ್ಲೇ ಇದೆ. ರಾಜ್ಯದವರು ಕೊಟ್ಟ, ಅವಧಿ ಮುಗಿಯದ ಲೈಸೆನ್ಸ್ ಇರಬೇಕು. ಒಂದು ದಿನ ಲ್ಯಾಪ್ಸ್ ಆದರೂ ಕಪಾಟಿನಲ್ಲಿರುವುದೆಲ್ಲ ಅಪರಾಧದ ಸಾಮಾನು. ಹತ್ತು ವರ್ಷ ಗ್ರೀನ್ ಕಾರ್ಡಿಗೆ ಕಾದವನು ಒಂದು ಬಾಕ್ಸ್ ಪ್ರೈಮರಿಗೆ ಅದನ್ನು ಕಳೆದುಕೊಳ್ಳುವುದು ಯಾವ ಜಾಣತನ? ಕೈ ಹಾಕುವ ಮೊದಲು ವಕೀಲರನ್ನು ಕೇಳಿ ಅಂತ ಹೇಳುತ್ತೇನೆ.

ಹೊಸಬ_ಆಸ್ಟಿನ್

ಓಕೆ ಓಕೆ. ಸದ್ಯಕ್ಕೆ ಓದುತ್ತೇನೆ. ಥ್ಯಾಂಕ್ಸ್ ಸಾರ್.

ರಾಯಚೂರು_ಹತ್ತಿ

ಪೌಡರ್ ಯಾಕೆ ಸಿಗುತ್ತಿಲ್ಲ ಅಂತ ಯಾರೂ ಹೇಳಲಿಲ್ಲವಲ್ಲ. ನಾನು ಶೂಟರ್ ಅಲ್ಲ, ಜಿನ್ನಿಂಗ್ ಮಿಲ್ಲಿನ ಮನೆಯವನು, ಅದಕ್ಕೇ ಮೂಗು ತೂರಿಸುತ್ತಿದ್ದೇನೆ.

ಹತ್ತಿ ಬಿಡಿಸಿದ ಮೇಲೆ ಬೀಜಕ್ಕೆ ಚಿಕ್ಕ ಚಿಕ್ಕ ನಾರು ಅಂಟಿಕೊಂಡಿರುತ್ತದೆ, ಲಿಂಟರ್ ಅಂತಾರೆ. ನೂಲಿಗೆ ಬರುವುದಿಲ್ಲ. ಚಿಕ್ಕವನಿದ್ದಾಗ ಮಿಲ್ಲಿನಲ್ಲಿ ಅದರ ಧೂಳು ಮೂಗಿಗೆ ಹೋಗಿ ಸೀನುತ್ತಾ ಕೂತಿರುತ್ತಿದ್ದೆ. ಆ ನಾರನ್ನೇ ನೈಟ್ರಿಕ್ ಆಮ್ಲದಲ್ಲಿ ಹದ ಮಾಡಿದರೆ ನೈಟ್ರೋಸೆಲ್ಯುಲೋಸ್, ನಿಮ್ಮ ಹೊಗೆ ಇಲ್ಲದ ಪೌಡರಿನ ಜೀವಾಳ. 155 ಎಂಎಂ ಫಿರಂಗಿ ಗುಂಡಿಗೂ ಅದೇ ಬೇಕು. ಉಕ್ರೇನ್ ಯುದ್ಧ ಶುರುವಾದಮೇಲೆ ಯುರೋಪಿನವರಿಗೆ ಫಿರಂಗಿ ಮದ್ದು ಎಷ್ಟಿದ್ದರೂ ಸಾಲದು. ಅವರಿಗೆ ಲಿಂಟರ್ ಹೆಚ್ಚಾಗಿ ಬರುವುದು ಚೀನಾದಿಂದ. ಇನ್ನು ನಿಮ್ಮ ಒಂದು ಪೌಂಡ್ ಡಬ್ಬದ ಪಾಡು ಕೇಳುವವರು ಯಾರು?

ಓಹಾಯೋ_ಮಾವ

ಭೇಷ್! ಹೋದ ವರ್ಷದ ಕೊನೆಗೆ ವಿಸ್ಟಾದವರು ಅಂಗಡಿಯವರಿಗೆ ಕಳಿಸಿದ ಪತ್ರದಲ್ಲೂ ಇದೇ ಇತ್ತು. ಜಗತ್ತಿನಲ್ಲೇ ಗನ್‌ಪೌಡರ್ ಕೊರತೆ ಬರುವ ಹಾಗಿದೆ, ಜನವರಿ 1ರಿಂದ ಬೆಲೆ ಏರಿಸುತ್ತೇವೆ ಅಂತ. ನಾವು ಹುಡುಕುವ ಎಚ್‌4350, ವಾರ್ಗೆಟ್, ಈ ರೈಫಲ್ ಪೌಡರ್ ಎರಡೂ ಆಸ್ಟ್ರೇಲಿಯಾದಲ್ಲಿ ತಯಾರಾಗಿ ಹಡಗಿನಲ್ಲಿ ಬರಬೇಕು. ಆದ್ದರಿಂದ ಈ ಸಲದ ಬರಕ್ಕೆ ನಮ್ಮ ಗ್ಯಾರೇಜಿನ ಮಹಾಶಯರನ್ನು ಮಾತ್ರ ಬೈದು ಪ್ರಯೋಜನ ಇಲ್ಲ ಶಿಲ್ಪಾ ಮೇಡಂ.

ರಾಲೀ_ಶಿಲ್ಪಾ

ಅರ್ಧ ಒಪ್ಪಿದೆ ಮಾವ. ಪೌಡರಿಗೆ ಯುದ್ಧ ಕಾರಣ, ಸರಿ. ಪ್ರೈಮರಿಗೆ ಮಹಾಶಯರೇ.

ಮಡಿಕೇರಿ_ಮಳೆ

ಇಲ್ಲಿ ನಿಮ್ಮ ಲೆಕ್ಕ ಓದಿ ನಗು ಬಂತು. ಎರಡು ವರ್ಷಕ್ಕೆ 8160! ನಮ್ಮಜ್ಜ ಇಡೀ ಜೀವಮಾನದಲ್ಲಿ ಅಷ್ಟು ಈಡು ಹೊಡೆದಿರಲಿಕ್ಕಿಲ್ಲ. ಅಜ್ಜನದು ಕೇಪಿನ ಕೋವಿ. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು. ಅದೂ ಒಂಥರಾ ರೀಲೋಡಿಂಗೇ ಅಲ್ವಾ? ಒಂದು ಈಡು ತಪ್ಪಿದರೆ ಹಂದಿ ಗದ್ದೆ ದಾಟಿ ಕಾಡು ಸೇರಿರುತ್ತಿತ್ತು. ಕೈಲ್ ಪೊಳ್ದ್ (ನಮ್ಮ ಆಯುಧಪೂಜೆಯ ಹಬ್ಬ) ದಿನ ಕೋವಿ ಒರೆಸಿ, ತೋಕ್ ಪೂ (ಕೋವಿ ಹೂ) ಮುಡಿಸಿ ಇಡುವಾಗ ಅಜ್ಜ ಕೇಪಿನ ಡಬ್ಬಿ ಎಣಿಸಿ ನೋಡುತ್ತಿದ್ದ. ಮೂವತ್ತು ಇದ್ದರೆ ಶ್ರೀಮಂತ.

ಈಗ ತಮ್ಮನ ಹತ್ತಿರ ಜೋಡುನಳಿಗೆ ತೋಟಾ ಕೋವಿ ಇದೆ. ಪೇಟೆಯಲ್ಲಿ ಶಕ್ತಿಮಾನ್ ಬ್ರಾಂಡಿನ ತೋಟಾ ಬಂದಿದೆ ಅಂತ ಸುದ್ದಿ ಸಿಕ್ಕರೆ ಕೆಲಸ ಬಿಟ್ಟು ಹೋಗುತ್ತಾನೆ.

ಕೋವಿ_ಪುಟ್ಟ

ಕೊಡಗಿನವರಿಗೇನು ಬಿಡಿ, ಲೈಸೆನ್ಸೇ ಬೇಡ. ಎಲ್ಲರ ಮನೆಯಲ್ಲೂ ಕೋವಿ.

ಮಡಿಕೇರಿ_ಮಳೆ

ಎಲ್ಲರ ಮನೆಯಲ್ಲಿ ಅಲ್ಲ ಪುಟ್ಟ. ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಭೂಮಿ ಹಿಡುವಳಿದಾರರಿಗೆ. ಬ್ರಿಟಿಷರ ಕಾಲದ್ದು, 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿತು. ಹಾಗಂತ ಮನೆಯಲ್ಲಿ ಪ್ರೆಸ್ ಇಟ್ಟು ತೋಟಾ ತುಂಬುವ ಹಾಗಿಲ್ಲ. ಇಂಡಿಯಾದಲ್ಲಿ ಮದ್ದುಗುಂಡು ತಯಾರಿಗೆ ಬೇರೆಯೇ ಲೈಸೆನ್ಸ್ ಬೇಕು. ಸುಮ್ನೆ ಇಲ್ಲಿ ಓದಿ ಯಾರಾದರೂ ಊರಲ್ಲಿ ಶುರು ಮಾಡಿಯಾರು ಅಂತ ಹೇಳಿದೆ.

ಮೂಡಿಗೆರೆಯವ_ಡಲ್ಲಾಸ್

ನಮ್ಮ ಊರಲ್ಲೂ ಹಾಗೇ. ಅಪ್ಪನಿಗೆ ಬೆಳೆ ರಕ್ಷಣೆಯ ಲೈಸೆನ್ಸ್. ಎಲೆಕ್ಷನ್ ಬಂತು ಅಂದರೆ ಕೋವಿ ಠಾಣೆಗೆ, ಮಂಗ ತೋಟಕ್ಕೆ.

ಮೇಷ್ಟ್ರ ಲೆಕ್ಕ ಪ್ರಿಂಟ್ ತೆಗೆದು ಬೆಂಚಿನ ಮೇಲೆ ಅಂಟಿಸಿದೆ. 9 ಎಂಎಂ ಕೇಸಿಗೆ ಕೊರತೆ ಇಲ್ಲ ಬಿಡಿ. ರೇಂಜ್ ಮುಗಿದಮೇಲೆ ಬಕೆಟ್ ಹಿಡಿದು ಅಡಿಕೆ ಹೆಕ್ಕಿದ ಹಾಗೆ ಹೆಕ್ಕುತ್ತೇನೆ. ಪಕ್ಕದ ಲೇನಿನ ಅಜ್ಜ ನನ್ನನ್ನು ನೋಡಿ ತನ್ನದನ್ನೂ ಕಾಲಲ್ಲಿ ಇತ್ತ ತಳ್ಳುತ್ತಾನೆ.

ಜೋಡುನಳಿಗೆ_ಜಾರ್ಜಿಯಾ

ಒಂದು ಮಾತು ಕೇಳಿದರೆ ಬೈತೀರಿ. 9 ಎಂಎಂ ರೀಲೋಡ್ ಮಾಡುವುದೇ ಈಗ ಕೂಲಿ ಗಿಟ್ಟದ ಕೆಲಸ. ಪ್ರೈಮರ್ 8 ಸೆಂಟ್, ಪೌಡರ್ 3, ಬುಲೆಟ್ 10. ಒಟ್ಟು 21. ಅಂಗಡಿಯಲ್ಲಿ ತಯಾರಿ ಗುಂಡು 24 ಸೆಂಟಿಗೆ ಸಿಗುತ್ತಿದೆ. 300ಕ್ಕೆ ಉಳಿಯುವುದು 9 ಡಾಲರ್. ಅದಕ್ಕೆ ಒಂದು ಇಡೀ ಸಂಜೆ ಹಿಡಿಕೆ ಎಳೆಯುವುದು! ನಾನಾಗಿದ್ದರೆ ಇರುವ 1500 ಪ್ರೈಮರನ್ನು ಹಾಗೇ ಎತ್ತಿಟ್ಟು, ಸದ್ಯಕ್ಕೆ ತಯಾರಿ ಗುಂಡು ಹೊಡೆದು, ಕೈಯಲ್ಲಿರುವ ದುಡ್ಡನ್ನೆಲ್ಲ .308 ಸಾಮಾನಿಗೆ ಹಾಕುತ್ತಿದ್ದೆ. ಮ್ಯಾಚ್ (ಸ್ಪರ್ಧೆಯ) ದರ್ಜೆಯ .308 ಒಂದಕ್ಕೆ ಒಂದೂವರೆ ಡಾಲರ್ ಇದೆ, ಮನೆಯಲ್ಲಿ ಅರ್ಧಕ್ಕೆ ಆಗುತ್ತದೆ.

ಲೆಕ್ಕದ_ಮೇಷ್ಟ್ರು

ಇದನ್ನು ನಾನೇ ಹೇಳಬೇಕಿತ್ತು. ನೂರಕ್ಕೆ ನೂರು.

ಓಹಾಯೋ_ಮಾವ

ಕೂಲಿ ಲೆಕ್ಕ ಹಾಕಿದರೆ ಯಾರೂ ರೀಲೋಡ್ ಮಾಡುವುದಿಲ್ಲ ಮಾರಾಯರೇ. ಹೆಂಡತಿ ಸೀರಿಯಲ್ ನೋಡುವಾಗ ಗ್ಯಾರೇಜಿಗೆ ಹೋಗಿ ಕೂರಲು ಒಂದು ನೆಪ ಬೇಡವೇ?

ರಾಲೀ_ಶಿಲ್ಪಾ

ನಮ್ಮ ಮನೆಯಲ್ಲಿ ಸೀರಿಯಲ್ ನೋಡುವುದು ಗಂಡ. ಗ್ಯಾರೇಜಿಗೆ ಹೋಗುವುದು ನಾನು.

ನಿರ್ವಾಹಕ

ಮೇಲೆ ಒಬ್ಬರು ಹಾಕಿದ್ದ, ಮನೆಯಲ್ಲೇ ಪ್ರೈಮರ್ ಮದ್ದು ಕಲಸುವ ವಿಡಿಯೋ ಲಿಂಕ್ ತೆಗೆದಿದ್ದೇನೆ. ಬೆರಳುಗಳು ಹತ್ತೇ ಇರುವುದು. ಮತ್ತೆ ಹಾಕಿದರೆ ಖಾತೆ ಬಂದ್.

ಪಿಟ್ಸ್‌ಬರ್ಗ್_ಭಟ್ಟ

ಇಡುವ ಜಾಗದ ವಿಷಯ ಯಾರೂ ಎತ್ತಿಲ್ಲ. ಬಹಳ ಕಡೆ ಪಾಲಿಸುವ ಎನ್‌ಎಫ್‌ಪಿಎ 495 ಬೆಂಕಿ ನಿಯಮದ ಪ್ರಕಾರ ಮನೆಯಲ್ಲಿ ಪೌಡರ್ 20 ಪೌಂಡ್, ಪ್ರೈಮರ್ 10,000 ವರೆಗೆ ಇಡಬಹುದು. ಪೌಡರ್ ಅದಕ್ಕಿಂತ ಜಾಸ್ತಿ ಇದ್ದರೆ, 50 ಪೌಂಡಿನವರೆಗೆ, ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ನಿಮ್ಮ ಊರಿನ ನಿಯಮ, ಬಾಡಿಗೆ ಮನೆಯ ಕರಾರು ಇದಕ್ಕಿಂತ ಬಿಗಿ ಇರಬಹುದು, ವಿಚಾರಿಸಿ. ಮೇಷ್ಟ್ರ ಎರಡು ವರ್ಷದ ಲೆಕ್ಕ ಇದರೊಳಗೇ ಕೂರುತ್ತದೆ. ಪುಟ್ಟನ ಲೆಕ್ಕ ಕೂರುತ್ತದೋ ಇಲ್ಲವೋ ಅವನೇ ಹೇಳಬೇಕು.

ಕೋವಿ_ಪುಟ್ಟ

😐 ಮರದ ಪೆಟ್ಟಿಗೆ ಮಾಡಿಸ್ತೀನಿ. ಕಬ್ಬಿಣದ ಸೇಫ್ ಇದೆ, ಅದು ನಡೆಯಲ್ವಾ?

ಪಿಟ್ಸ್‌ಬರ್ಗ್_ಭಟ್ಟ

ಅದೇ ತಪ್ಪು. ಹೊಗೆ ಇಲ್ಲದ ಪೌಡರ್ ಬಯಲಲ್ಲಿ ಹೊತ್ತಿದರೆ ಭಗ್ ಅಂತ ಉರಿದು ಹೋಗುತ್ತದೆ. ಗಾಳಿಯಾಡದ ಗಟ್ಟಿ ಉಕ್ಕಿನ ಪೆಟ್ಟಿಗೆಯಲ್ಲಿ ಒತ್ತಡ ಕಟ್ಟಿ ಬಾಂಬ್ ಆಗುತ್ತದೆ. ಪೌಡರ್ ಬಂದ ಪ್ಲಾಸ್ಟಿಕ್ ಡಬ್ಬ ಸುಲಭಕ್ಕೆ ಬಿಚ್ಚಿಕೊಳ್ಳಲಿ ಅಂತಲೇ ಹಾಗಿರುವುದು. ಅದನ್ನು ಹಾರ್ಲಿಕ್ಸ್ ಬಾಟಲಿಗೆ, ಗಾಜಿನ ಭರಣಿಗೆ ಸುರಿಯಬೇಡಿ. ಪ್ರೈಮರ್ ಕೂಡ ಬಂದ ಟ್ರೇಯಲ್ಲೇ ಇರಲಿ. ಒಂದು ಡಬ್ಬಕ್ಕೆ ಸುರಿದು ಗಲಗಲ ಅನ್ನಿಸಿದರೆ ಒಂದು ಸಿಡಿದಾಗ ಎಲ್ಲವೂ ಸಿಡಿಯುತ್ತವೆ. ಟೆಕ್ಸಸ್ ಗ್ಯಾರೇಜಿನ ಬೇಸಿಗೆ ಕಾವಿನಲ್ಲಂತೂ ಪೌಡರ್ ಇಡಲೇಬೇಡಿ, ಮನೆಯೊಳಗೆ ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಿ.

ಜೋಡುನಳಿಗೆ_ಜಾರ್ಜಿಯಾ

ಡಬ್ಬದ ಮಾತು ಬಂದಾಗ ನನ್ನ ದಡ್ಡತನ ಹೇಳಿಬಿಡುತ್ತೇನೆ. 2021ರ ಬೇಸಿಗೆ. ಎಲ್ಲೂ ಪೌಡರ್ ಇಲ್ಲ. ತೀರಿಹೋದ ಒಬ್ಬರ ಮನೆ ಸಾಮಾನಿನ ಮಾರಾಟದಲ್ಲಿ ನಾಲ್ಕು ಡಬ್ಬ ಪೌಡರ್ ಸಿಕ್ಕಿತು, ಒಟ್ಟು 40 ಡಾಲರ್. ಲಾಟರಿ ಹೊಡೆದ ಖುಷಿ. ಮನೆಗೆ ತಂದು ಒಂದರ ಮುಚ್ಚಳ ತೆಗೆದೆ. ಡಬ್ಬದ ಮೇಲಿದ್ದ ಹೆಸರು ಬಾಲ್ ಪೌಡರಿನದು (ದುಂಡು ಕಾಳಿನದು). ಒಳಗೆ ಕಡ್ಡಿ ಕಡ್ಡಿ. ಶಾವಿಗೆಯನ್ನು ಚೂರು ಮಾಡಿದ ಹಾಗೆ. ಅಜ್ಜ ಯಾವುದನ್ನೋ ಯಾವುದಕ್ಕೋ ಸುರಿದಿದ್ದಾನೆ. ಇನ್ನೊಂದು ತೆಗೆದೆ, ಮೂಗಿಗೆ ಚುಚ್ಚುವ ಹುಳಿ ವಾಸನೆ, ಮುಚ್ಚಳದ ಒಳಗೆ ತುಕ್ಕಿನ ಬಣ್ಣದ ಪುಡಿ. ಅದು ಕೆಟ್ಟ ಪೌಡರಿನ ಗುರುತು. ಒಳ್ಳೆಯದು ಹೀಗೆ ಮೂಗು ಸುಡುವುದಿಲ್ಲ.

ಹತ್ತು ನಿಮಿಷ ಡಬ್ಬ ನೋಡುತ್ತಾ ಕೂತೆ. 40 ಡಾಲರ್ ಅಲ್ವಾ, ಕೈ ಬರುವುದಿಲ್ಲ. ಕೊನೆಗೆ ನಾಲ್ಕನ್ನೂ ಹಿತ್ತಲ ಹುಲ್ಲಿಗೆ ತೆಳುವಾಗಿ ಎರಚಿದೆ. ಆ ವರ್ಷ ಆ ಮೂಲೆಯ ಹುಲ್ಲು ಬೆಳೆದ ಹಾಗೆ ಎಲ್ಲೂ ಬೆಳೆಯಲಿಲ್ಲ.

ಓಹಾಯೋ_ಮಾವ

ಸರಿಯಾಗಿಯೇ ಮಾಡಿದಿರಿ. ಬರದಲ್ಲಿ ಜನ ಕೈ ಸುಟ್ಟುಕೊಳ್ಳುವುದು ಹೀಗೇ. ಸಿಕ್ಕಿದ ಪೌಡರ್ ತರುತ್ತಾರೆ, ಹಳೆಯ ಲೆಕ್ಕದಲ್ಲೇ ತುಂಬುತ್ತಾರೆ. ಪೌಡರ್ ಬದಲಾದರೆ ಮ್ಯಾನ್ಯುಅಲ್ ಪುಟ ಬದಲಾಗಬೇಕು. ಪ್ರೈಮರ್ ಬ್ರಾಂಡ್ ಬದಲಾದರೂ ಪೌಡರ್ ಅಳತೆಯನ್ನು ಕಡಿಮೆಯಿಂದ ಶುರು ಮಾಡಿ ಮತ್ತೆ ಹತ್ತಿಕೊಂಡು ಬರಬೇಕು. ಮತ್ತು ಬೆಂಚಿನ ಮೇಲೆ ಯಾವತ್ತೂ ಒಂದೇ ಪೌಡರ್ ಡಬ್ಬ.

ಮೂಡಿಗೆರೆಯವ_ಡಲ್ಲಾಸ್

ಅಪ್‌ಡೇಟ್. ಪೌಡರಿನ 8 ಪೌಂಡಿನ ಒಂದು ಜಗ್ ಆನ್‌ಲೈನಿನಲ್ಲಿ ಐದು ನಿಮಿಷ ಕಾಣಿಸಿಕೊಂಡಿತು, ಕಾರ್ಡ್ ನಂಬರ್ ಹೊಡೆಯುವಷ್ಟರಲ್ಲಿ ಮಾಯ. ಇವತ್ತು ಬೆಳಗ್ಗೆ ಅಂಗಡಿಯಿಂದ ಫೋನ್ ಬಂತು, ನನಗೆ ಬೇಕಾದ ರೈಫಲ್ ಪೌಡರ್ ಬಂದಿದೆ, ಒಬ್ಬರಿಗೆ ಎರಡು ಪೌಂಡ್ ಮಿತಿ. ಎರಡೂ ಒಂದೇ ಲಾಟ್ ನಂಬರಿನವು ಆರಿಸಿಕೊಂಡು ತಂದೆ. ಹಜ್‌ಮ್ಯಾಟ್ ಫೀ (ಅಪಾಯದ ಸಾಮಾನು ಕಳಿಸುವ ಶುಲ್ಕ) ಉಳಿಯಿತು. 9 ಎಂಎಂಗೆ ಏನೂ ತರಲಿಲ್ಲ, ಜಾರ್ಜಿಯಾದವರ ಮಾತು ಕೇಳಿದೆ. ಶೆಲ್ಫಿನಲ್ಲಿ ಇನ್ನೂ ಮೂರು ಡಬ್ಬ ಇದ್ದವು. ಮನೆಯವಳ ಹೆಸರಲ್ಲಿ ಇನ್ನೆರಡು ತರೋಣ ಅಂತ ಅವಳ ಮುಖ ನೋಡಿದೆ. ಅವಳು ಕಾರಿನ ಕಡೆ ನಡೆದಳು.

ಲಾರ್ಜ್ ರೈಫಲ್ ಪ್ರೈಮರ್ ಮಾತ್ರ ಸಿಗಲಿಲ್ಲ. 300ರಲ್ಲೇ ಇದ್ದೇನೆ.

ರಾಲೀ_ಶಿಲ್ಪಾ

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕೋವಿ_ಪುಟ್ಟ

ಅಣ್ಣಾ, ನನ್ನ ಹತ್ತಿರ ಲಾರ್ಜ್ ರೈಫಲ್ ಇದೆ. ಎಷ್ಟು ಅಂತ ಕೇಳಬೇಡಿ. ನನಗೆ ಸ್ಮಾಲ್ ಪಿಸ್ಟಲ್ ಬೇಕು. 500ಕ್ಕೆ 500 ಬದಲಾಯಿಸೋಣ, ದುಡ್ಡು ಬೇಡ. ಪೋಸ್ಟಲ್ಲಿ ಹಾಕಲಾ?

ಪಿಟ್ಸ್‌ಬರ್ಗ್_ಭಟ್ಟ

ಪುಟ್ಟಾ! ಪ್ರೈಮರನ್ನು ಪೋಸ್ಟಿಗೆ ಹಾಕಿದರೆ ಜೈಲು. ಕೈಗೆ ಕೈ ಕೊಡು.

ಕೋವಿ_ಪುಟ್ಟ

ಸರಿ ಸಾರ್. ನಾನೂ ಟೆಕ್ಸಸ್ಸೇ, ಎರಡು ಗಂಟೆ ದಾರಿ. ಮುಂದಿನ ತಿಂಗಳು ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಬರ್ತೀನಲ್ಲ, ಕಾರಲ್ಲೇ ತರ್ತೀನಿ.

ಮೂಡಿಗೆರೆಯವ_ಡಲ್ಲಾಸ್

ಬೇಡ ಮಾರಾಯ, ಕಾರ್ಯಕ್ರಮ ಇರುವುದು ಹೈಸ್ಕೂಲ್ ಆಡಿಟೋರಿಯಂನಲ್ಲಿ! ಆ ಆವರಣಕ್ಕೆ ಅದನ್ನು ತರಬೇಡ. ಹಿಂದಿನ ದಿನ ಸೀದಾ ಮನೆಗೆ ಬಾ. ಒಬ್ಬಟ್ಟಿನ ಹೂರಣ ರುಬ್ಬಲು ಹೇಗಿದ್ದರೂ ಒಬ್ಬರು ಬೇಕಂತೆ.